ಗೋಡೆಯೊಳಗಿನಿಂದ ಬೆಳಗುವ ಕಲ್ಲು: ಬೆಳಕು ಎಲ್ಲಿಂದ, ಧೂಳು ಯಾರಿಗೆ?

ಪುಣೆ, ಮುಂಬಯಿಗಳ ಸಿರಿವಂತರ ಮನೆಗಳಲ್ಲಿ ಈಚೆಗೆ ಒಂದು ಬಗೆಯ ಗೋಡೆ ಕಾಣಿಸಿಕೊಳ್ಳುತ್ತಿದೆ. ಹಗಲಿನಲ್ಲಿ ಅದು ನಯಗೊಳಿಸಿದ ಕಲ್ಲಿನ ಹಾಸು, ಅಷ್ಟೆ. ಸಂಜೆ ಗುಂಡಿ ಒತ್ತಿದೊಡನೆ ಕಲ್ಲು ಒಳಗಿನಿಂದಲೇ ಬೆಳಗುತ್ತದೆ. ಜೇನಿನ, ಕೇಸರಿಯ, ಹಾಲಿನ ಬಣ್ಣದ ಪದರಗಳು ಅದರೊಳಗೆ ಎದ್ದು ಕಾಣುತ್ತವೆ. ಕೆಲವರು ಇದನ್ನು ಪಡಸಾಲೆಗೆ ಹಾಕಿಸುತ್ತಾರೆ, ಕೆಲವರು ದೇವರ ಕೋಣೆಗೆ. ಮರವಡೆ, ಮಂಗಳವೇಢೆ, ಅಕ್ಕಲಕೋಟೆಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೋದ ಯುವಕರು ಇಂಥ ಗೋಡೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ಊರಿಗೆ ಕಳಿಸುತ್ತಾರೆ. "ಸರ, ಕಲ್ಲಿನ್ಯಾಗ ದೀಪ ಹೆಂಗ ಹತ್ತತೈತ್ರಿ?" ಎಂದು ಮಕ್ಕಳು ಕೇಳುತ್ತಾರೆ. ಪ್ರಶ್ನೆ ಚಿಕ್ಕದಾದರೂ ಅದರ ಉತ್ತರ ನಮ್ಮ ಹೊಲದ ಕಲ್ಲಿನಿಂದ ಹಿಡಿದು ಆ ಯುವಕರ ಉಸಿರಿನವರೆಗೆ ಹೋಗುತ್ತದೆ. ಆದ್ದರಿಂದ ಮನೆಯವರೆಲ್ಲರೂ ತಿಳಿಯುವಂತೆ ಇಲ್ಲಿ ವಿವರಿಸುತ್ತಿದ್ದೇವೆ.

ಬೆಳಕು ಮತ್ತು ನೆರಳಿನ ಪಾಠದಲ್ಲಿ ಮಕ್ಕಳು ಮೂರು ಪದಗಳನ್ನು ಕಲಿಯುತ್ತಾರೆ: ಪಾರದರ್ಶಕ, ಅಪಾರದರ್ಶಕ, ಅರೆಪಾರದರ್ಶಕ. ಗಾಜು ಮೊದಲನೆಯದು, ಹಲಗೆ ಎರಡನೆಯದು, ಎಣ್ಣೆ ಹಚ್ಚಿದ ಕಾಗದ ಮೂರನೆಯದು. ಬೆಳಗುವ ಕಲ್ಲು ಈ ಮೂರನೆಯ ಗುಂಪಿಗೆ ಸೇರಿದ್ದು. ಹಿಂದಿನಿಂದ ಬಂದ ಬೆಳಕು ಕಲ್ಲನ್ನು ಹೊಕ್ಕು, ಸಣ್ಣ ಸಣ್ಣ ಹರಳುಗಳ ಅಂಚಿಗೆ ಬಡಿದು, ಅನೇಕ ಸಲ ದಿಕ್ಕು ಬದಲಿಸಿ ಈಚೆಗೆ ಬರುತ್ತದೆ. ದಾರಿ ಚದುರಿಹೋದುದರಿಂದ ಹಿಂದಿರುವ ದೀಪದ ಆಕಾರ ಕಾಣುವುದಿಲ್ಲ, ಬೆಳಕು ಮಾತ್ರ ಕಲ್ಲಿನ ತುಂಬ ಹರಡುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಹೊಸ ಕಾಲದ ವಿದ್ಯೆ ತಿಳಿಯದು ಎನ್ನುವವರಿಗೆ ಈ ಒಂದು ಪದವನ್ನು ತೋರಿಸಬಹುದು. ದುಬಾರಿ ಗೋಡೆಯ ಗುಟ್ಟೆಲ್ಲ ಅದರಲ್ಲಿದೆ.

ನಮ್ಮ ನಾಡಿನ ಕರಿಕಲ್ಲು ಇದಕ್ಕೆ ತೀರ ವಿರುದ್ಧ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಈ ಬಸಾಲ್ಟ್ ಆಯಿತು. ಕಬ್ಬಿಣದ ಅಂಶವುಳ್ಳ ಕಪ್ಪು ಖನಿಜಗಳು ಅದರಲ್ಲಿ ಹೇರಳವಾಗಿದ್ದು, ಒಳಗೆ ಬಂದ ಬೆಳಕನ್ನು ಅಲ್ಲಿಯೇ ನುಂಗಿಬಿಡುತ್ತವೆ. ವಿಜಯಪುರದ ಗೋಳಗುಮ್ಮಟ ಈ ಕಲ್ಲಿನದೇ. ಇಂಥ ಕಲ್ಲಿನಲ್ಲಿ ಬೆಳಕು ಬೇಕೆಂದರೆ ಕೊರೆಯುವುದೊಂದೇ ದಾರಿ. ಅದೇ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಶಿಲ್ಪಿಗಳು ಕಿಟಕಿಯ ಕಲ್ಲನ್ನು ಅರಬ್ಬಿ ಅಕ್ಷರಗಳ ಆಕಾರದಲ್ಲಿ ಕೊರೆದರು. ಅಕ್ಷರಗಳ ನಡುವಿನ ಸಂದಿನಿಂದ ಬೆಳಕು ಒಳಗೆ ಬೀಳುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯೂ ಇದೇ ಯೋಚನೆಯ ಬಡವರ ರೂಪ. ಆ ಬೆಳಕಿಂಡಿಯ ಕೆಳಗೆ ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ.

ಆದರೂ ಕರಿಕಲ್ಲಿನ ಹೊಟ್ಟೆಯಲ್ಲಿಯೇ ಬೆಳಕಿನ ಕಲ್ಲು ಅಡಗಿದೆ. ಲಾವಾ ಆರುವಾಗ ಅದರೊಳಗಿನ ಗಾಳಿ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಮುಂದೆ ಅವುಗಳೊಳಗೆ ಇಳಿದ ನೀರು ಕರಗಿದ ಸಿಲಿಕಾವನ್ನು ಪದರ ಪದರವಾಗಿ ಬಿಟ್ಟುಹೋಯಿತು. ಹೀಗೆ ಹುಟ್ಟಿದ್ದು ಕ್ಯಾಲ್ಸಿಡೋನಿ. ಪಟ್ಟೆಗಳಿದ್ದರೆ ಅದನ್ನೇ ಅಗೇಟ್, ಅಂದರೆ ಹಕೀಕ್, ಎನ್ನುತ್ತಾರೆ. ಭೀಮಾ ನದಿಯ ಗರಸಿನಲ್ಲಿ ಇದರ ಹರಳುಗಳು ಸಿಗುತ್ತವೆ. ಶಿಲಾಯುಗದ ಜನ ಇದರಿಂದಲೇ ಚಿಕ್ಕ ಅಲಗುಗಳನ್ನು ಮಾಡಿಕೊಳ್ಳುತ್ತಿದ್ದರು. ಹೊಲದಲ್ಲಿ ಮೇಣದಂತೆ ಹೊಳೆಯುವ ಬಿಳಿಯ ಅಥವಾ ಬೂದು ಬಣ್ಣದ ಹರಳು ಸಿಕ್ಕರೆ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಇಟ್ಟು ನೋಡಿರಿ. ಪಕ್ಕದಲ್ಲಿ ಒಂದು ಕರಿಕಲ್ಲಿನ ಚೂರನ್ನೂ ಇಡಿರಿ. ಇಡೀ ಪಾಠ ಅಂಗೈಯಲ್ಲಿ ಕಾಣುತ್ತದೆ.

ಶ್ರೀಮಂತರ ಗೋಡೆಗೆ ಹೆಚ್ಚಾಗಿ ಬಳಸುವ ಕಲ್ಲನ್ನು ವ್ಯಾಪಾರಿಗಳು ಓನಿಕ್ಸ್ ಎನ್ನುತ್ತಾರೆ. ಇಲ್ಲಿ ಹೆಸರಿನ ಗೊಂದಲವಿದೆ. ಆಭರಣದ ಓನಿಕ್ಸ್ ಸಿಲಿಕಾ, ಹಕೀಕಿನ ದಾಯಾದಿ. ಹಾಸುಗಲ್ಲಿನ ಓನಿಕ್ಸ್ ಬಹುಮಟ್ಟಿಗೆ ಕ್ಯಾಲ್ಸೈಟ್, ಅಂದರೆ ಸುಣ್ಣದಕಲ್ಲಿನ ಬಳಗ. ಬುಗ್ಗೆಗಳ ಮತ್ತು ಗುಹೆಗಳ ನೀರು ತೊಟ್ಟಿಕ್ಕಿ ಪದರಗಟ್ಟಿದ್ದು. ಇರಾನ್, ಪಾಕಿಸ್ತಾನ, ತುರ್ಕಿ ದೇಶಗಳಲ್ಲಿ ಅದರ ಗಣಿಗಳಿವೆ. ಗಡಸುತನದ ಮೋಸ್ ಅಳತೆಯಲ್ಲಿ ಕ್ಯಾಲ್ಸೈಟ್ 3, ಹಕೀಕ್ ಸುಮಾರು 7. ಕ್ಯಾಲ್ಸೈಟಿನ ಮೇಲೆ ಲಿಂಬೆರಸ ಬಿದ್ದರೆ ನೊರೆಯೆದ್ದು ಹೊಳಪು ಹೋಗುತ್ತದೆ. ಹುಣಸೆಹುಳಿ ನಿತ್ಯ ಚೆಲ್ಲುವ ಅಡುಗೆಕಟ್ಟೆಗೆ ಅದು ತಕ್ಕುದಲ್ಲ.

ಈ ಕಲ್ಲಿನ ಮೋಹ ಇಂದಿನದಲ್ಲ. 1930ರಲ್ಲಿ ಈಗಿನ ಜೆಕ್ ದೇಶದ ಬ್ರನೋ ನಗರದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಕಟ್ಟಿದ ಟೂಗೆನ್‌ಹಾಟ್ ಮನೆಯಲ್ಲಿ ಮೊರೊಕ್ಕೊದಿಂದ ತಂದ ಓನಿಕ್ಸ್ ಗೋಡೆಯಿದೆ. ಇಳಿಬಿಸಿಲು ಬಿದ್ದಾಗ ಅದು ಕೆಂಪಗೆ ಬೆಳಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ತೆರೆದ ಬೈನೆಕಿ ಗ್ರಂಥಾಲಯದ ಗೋಡೆಗಳಿಗೆ ಸುಮಾರು 3 ಸೆಂಟಿಮೀಟರ್ ದಪ್ಪದ ಅಮೃತಶಿಲೆ ಕೂರಿಸಿದ್ದಾರೆ. ಹಳೆಯ ಹೊತ್ತಿಗೆಗಳಿಗೆ ಬಿಸಿಲು ತಾಗಬಾರದು, ಓದುಗರಿಗೆ ಕತ್ತಲೆಯೂ ಆಗಬಾರದು. ಕಲ್ಲು ಎರಡನ್ನೂ ಸಾಧಿಸಿತು. ನಮಗೆ ಹೆಚ್ಚು ಇಷ್ಟವಾದದ್ದು ಇದೇ.

ಈಗಿನ ಮನೆಗಳಲ್ಲಿ ಸೂರ್ಯನ ಜಾಗದಲ್ಲಿ ಎಲ್‌ಇಡಿ ಇದೆ. ಕೆಲಸ ನಾಜೂಕಿನದು. ಹಾಸು ತೆಳುವಾಗಿರಬೇಕು, ಆಗ ಮುರಿಯುವ ಭಯ. ಆದ್ದರಿಂದ ಹಿಂಬದಿಗೆ ಗಾಜು ಅಂಟಿಸುವುದುಂಟು. ಅಂಟು ತಿಳಿಯಾಗಿರದಿದ್ದರೆ ಅದರ ಕಲೆಯೇ ಬೆಳಕಿನಲ್ಲಿ ಮೂಡುತ್ತದೆ. ದೀಪವನ್ನು ಕಲ್ಲಿಗೆ ತೀರ ಹತ್ತಿರ ಇಟ್ಟರೆ ಚುಕ್ಕೆ ಚುಕ್ಕೆಯಾಗಿ ಕಾಣುವುದರಿಂದ ನಡುವೆ ಬೆಳಕು ಹರಡುವ ಬಿಳಿ ಹಾಳೆಯನ್ನು ಇಡುತ್ತಾರೆ. ಎಂದಾದರೊಂದು ದಿನ ದೀಪ ಕೆಡುವುದು ಖಂಡಿತ. ಬಿಚ್ಚಲು ಬಾರದಂತೆ ಗಾರೆ ಹಾಕಿ ಮುಚ್ಚಿದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ. ಕಲ್ಲನ್ನು ಕೊಳ್ಳುವಾಗಲೂ ಹಿಂದೆ ದೀಪ ಹಿಡಿದೇ ನೋಡಬೇಕು, ಏಕೆಂದರೆ ತುಂಬಿ ಮುಚ್ಚಿದ ಬಿರುಕುಗಳು ಆಗಲೇ ಹೊರಬೀಳುವುದು.

ಇಷ್ಟೆಲ್ಲ ಕೆಲಸ ಮಾಡುವ ಕೈಗಳಲ್ಲಿ ನಮ್ಮ ಹುಡುಗರದೂ ಇವೆ. ಕ್ಯಾಲ್ಸೈಟೋ ಸಿಲಿಕಾವೋ ಎಂಬ ಮೇಲಿನ ವ್ಯತ್ಯಾಸ ಮನೆಯೊಡೆಯನಿಗೆ ಹೊಳಪಿನ ಮಾತು, ಕಲ್ಲು ಕೊಯ್ಯುವವನಿಗೆ ಪುಪ್ಪುಸದ ಮಾತು. ಕ್ಯಾಲ್ಸೈಟ್ ಓನಿಕ್ಸ್ ಮತ್ತು ಅಮೃತಶಿಲೆಯ ಧೂಳಿನಲ್ಲಿ ಸಿಲಿಕಾ ಸಾಮಾನ್ಯವಾಗಿ ಕಡಿಮೆ. ಹಕೀಕ್ ಬಹುಪಾಲು ಸಿಲಿಕಾವೇ, ಗ್ರಾನೈಟಿನಲ್ಲಿಯೂ ಸಾಕಷ್ಟಿದೆ. ಅಡುಗೆಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಹಾಸುಗಳಲ್ಲಿ ಅದು ನೂರಕ್ಕೆ 90ರವರೆಗೂ ಇರುತ್ತದೆ. ಒಂದೇ ಅಂಗಡಿಯಲ್ಲಿ, ಒಂದೇ ಯಂತ್ರದಲ್ಲಿ ಇವೆಲ್ಲವನ್ನೂ ಕೊಯ್ಯುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಪುಪ್ಪುಸದ ಆಳಕ್ಕೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಗುಜರಾತಿನ ಖಂಭಾತದಲ್ಲಿ ಹಕೀಕ್ ಉಜ್ಜುವ ಕುಟುಂಬಗಳು ಇದರಿಂದ ಬಹುಕಾಲದಿಂದ ನರಳಿವೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕಲ್ಲಿನ ಹಾಸುಗಳನ್ನೇ ನಿಷೇಧಿಸಿತು.

ಮನೆಯವರು ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಾಗ ಇನ್ನೆರಡು ಮಾತು ಕೇಳಬೇಕು: ಕಲ್ಲು ಕೊಯ್ಯುವಾಗ ನೀರು ಬಿಡುತ್ತಾರೆಯೇ? ಮೂಗಿಗೆ ಏನು ಕಟ್ಟಿಕೊಳ್ಳುತ್ತೀ? ಕರವಸ್ತ್ರ ಈ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಬಗೆಯ ಮಾಸ್ಕ್ ಬೇಕು. ರೋಗ ವರ್ಷಗಳ ಮೇಲೆ ತಲೆದೋರುತ್ತದೆ, ಕ್ಷಯದಂತೆ ತೋರುತ್ತದೆ, ಕ್ಷಯಕ್ಕೂ ದಾರಿ ಮಾಡುತ್ತದೆ. ಆದ್ದರಿಂದ ಕೆಮ್ಮು, ಏದುಸಿರು ಎಂದು ದವಾಖಾನೆಗೆ ಹೋದಾಗ, ವೈದ್ಯರು ಕೇಳದಿದ್ದರೂ, ಎಷ್ಟು ವರ್ಷ ಯಾವ ಕಲ್ಲು ಕೊಯ್ದೆ ಎಂಬುದನ್ನು ತಾನಾಗಿ ಹೇಳಬೇಕು. ನಮ್ಮ ಕಾನೂನಿನಲ್ಲಿ ಸಿಲಿಕೋಸಿಸ್ ಔದ್ಯೋಗಿಕ ರೋಗ. ಪರಿಹಾರ ಕೇಳುವ ಸಂದರ್ಭ ಬಂದರೆ, ಯಾರ ಬಳಿ ಎಷ್ಟು ದಿನ ದುಡಿದೆ ಎಂಬುದಕ್ಕೆ ಹಾಜರಿ ಚೀಟಿ, ಪಗಾರದ ಲೆಕ್ಕ, ಬ್ಯಾಂಕಿನ ಪಾಸ್‌ಬುಕ್ ಇವೇ ಸಾಕ್ಷಿ.