ಓಲೆಗರಿಗಳ ಛಾಯಾಚಿತ್ರಗಳನ್ನು ರಟ್ಟಿಗೆ ಅಂಟಿಸುವ ಕ್ರಮ

ಮೂಲ ಓಲೆಗರಿಯು ಶಿಥಿಲವಾದಾಗ, ಅಥವಾ ನಷ್ಟವೇ ಆದಾಗ, ಪಾಠನಿರ್ಣಯಕ್ಕೆ ಹಿಂದೆ ತೆಗೆದಿರಿಸಿದ ಛಾಯಾಚಿತ್ರವೊಂದೇ ಆಧಾರವಾಗಿ ಉಳಿಯುವುದುಂಟು. ಆಗ ಅದು ಪ್ರತಿಯ ಸ್ಥಾನವನ್ನೇ ಪಡೆಯುತ್ತದೆ. ಆದುದರಿಂದ ಅದನ್ನು ರಟ್ಟಿನ ಮೇಲೆ ನಿಲ್ಲಿಸಲು ಯಾವ ಅಂಟು ಯೋಗ್ಯವೆಂಬುದನ್ನು ಗ್ರಂಥಸಂಪಾದಕರೂ ಅರಿತಿರಬೇಕು.

ಕಪ್ಪು-ಬಿಳುಪು ಚಿತ್ರದಲ್ಲಿ ನಮಗೆ ಕಾಣುವ ಅಕ್ಷರರೂಪವು ಜೆಲಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಸೂಕ್ಷ್ಮ ಕಣಗಳಿಂದ ಮೂಡಿದುದು. ಗಂಧಕವು ಬೆಳ್ಳಿಯನ್ನು ಕೆಡಿಸುತ್ತದೆ. ರಬ್ಬರ್ ಅಂಟಿನಲ್ಲಿ ಗಂಧಕದ ಅಂಶವಿರಬಹುದಾದುದರಿಂದ ಚಿತ್ರವು ಕ್ರಮೇಣ ಹಳದಿಗಟ್ಟಿ ಅಕ್ಷರಗಳು ಮಾಸುತ್ತವೆ. ಸರೇಸು ತೇವವನ್ನು ಹೀರಿ ಬೂಷ್ಟಿಗೂ ಹುಳುಗಳಿಗೂ ಎಡೆಗೊಡುತ್ತದೆ. ಪೇಟೆಯಲ್ಲಿ ಸಿಗುವ ಬಿಳಿಯ ಅಂಟುಗಳಲ್ಲಿ ಹಲವು ಕಾಲಕ್ರಮದಲ್ಲಿ ಆಮ್ಲವನ್ನು ಹೊರಬಿಡುತ್ತವೆ. ಒಮ್ಮೆ ಗಟ್ಟಿಯಾದ ಮೇಲೆ ಚಿತ್ರಕ್ಕೆ ಹಾನಿಯಾಗದಂತೆ ಅವುಗಳನ್ನು ಬಿಡಿಸುವುದು ದುಸ್ಸಾಧ್ಯ. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ವಾಡಿಕೆಯೂ ಇಲ್ಲಿ ಸಲ್ಲದು. ಆ ತಾಮ್ರದ ಲವಣವು ಬೆಳ್ಳಿಯ ಚಿತ್ರಕ್ಕೆ ಅಹಿತಕರ.

ಹಾಗಾದರೆ ಗ್ರಾಹ್ಯವಾದುದು ಯಾವುದು? ಗೋಧಿಹಿಟ್ಟಿನ ಜಿಗುಟನ್ನು ತೊಳೆದು ತೆಗೆದ ಶುದ್ಧ ಪಿಷ್ಟವನ್ನು ಆಗಿಂದಾಗ ಬೇಯಿಸಿ ಮಾಡಿದ ಅಂಟು ಉತ್ತಮ. ಮೀಥೈಲ್ ಸೆಲ್ಯುಲೋಸ್ ಹಿಡಿತದಲ್ಲಿ ದುರ್ಬಲವಾದರೂ ಅದಕ್ಕೆ ಹುಳುಗಳ ಬಾಧೆ ಕಡಿಮೆ. ಇವೆರಡನ್ನೂ ತೇವದಿಂದ ಮತ್ತೆ ಬಿಡಿಸಬಹುದು. ಆದರೆ ನೀರು ತಗಲಿದರೆ ಜೆಲಟಿನ್ ಉಬ್ಬುವುದರಿಂದ ಅಂಟನ್ನು ತೆಳುವಾಗಿಯೇ ಹಚ್ಚತಕ್ಕದ್ದು. 1970ರ ದಶಕದಿಂದ ಬಳಕೆಗೆ ಬಂದ, ಎರಡೂ ಬದಿಗಳಲ್ಲಿ ಪ್ಲಾಸ್ಟಿಕ್ ಲೇಪವಿರುವ ಕಾಗದಕ್ಕೆ ಇಂತಹ ನೀರಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಬಿಸಿಯ ಒತ್ತುಯಂತ್ರದಲ್ಲಿ ಅಂಟುಹಾಳೆಯಿಟ್ಟು ಕೂಡಿಸುವ ಕ್ರಮವು ಚಿತ್ರವನ್ನು ಸಮತಟ್ಟಾಗಿ ನಿಲ್ಲಿಸುತ್ತದೆ. ಆದರೆ ಅದನ್ನು ಬಿಡಿಸುವುದು ಕಷ್ಟವಾದುದರಿಂದ ಪ್ರದರ್ಶನಕ್ಕೆಂದು ಮಾಡಿದ ಮರುಮುದ್ರಣಗಳಿಗೆ ಮಾತ್ರ ಅದು ಉಚಿತ. ಛಾಯಾಚಿತ್ರಗಳೊಡನೆ ಅಂಟು, ಕಾಗದ, ರಟ್ಟುಗಳ ವರ್ತನೆಯನ್ನು ಪರೀಕ್ಷಿಸುವ ವಿಧಾನವು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 18916ನೆಯ ಮಾನಕದಲ್ಲಿದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಮಗ್ರಿಯನ್ನೇ ಕೊಳ್ಳುವುದು ಕ್ಷೇಮಕರ.

ಇನ್ನೊಂದು ಮುಖ್ಯ ವಿಚಾರ. ಗ್ರಂಥದ ಹೆಸರು, ಗರಿಯ ಸಂಖ್ಯೆ, ಚಿತ್ರ ತೆಗೆದ ದಿನಾಂಕ ಮೊದಲಾದುವನ್ನು ಸಾಮಾನ್ಯವಾಗಿ ಚಿತ್ರದ ಹಿಂಬದಿಯಲ್ಲಿ ಬರೆದಿಡುತ್ತಾರೆ. ಹಿಂಬದಿಗೆಲ್ಲ ಅಂಟು ಬಳಿದರೆ ಆ ಬರಹವು ಮರೆಯಾಗಿ, ಗರಿಗಳ ಅನುಕ್ರಮವೇ ತಪ್ಪಬಹುದು. ಕ್ರಮತಪ್ಪಿದ ಗರಿಗಳಿಂದ ಪಾಠವನ್ನು ಹೊಂದಿಸುವ ಕಷ್ಟ ವಿದ್ವಾಂಸರಿಗೆ ತಿಳಿಯದುದಲ್ಲ. ಆದುದರಿಂದ ಮೂಲ ಛಾಯಾಚಿತ್ರಕ್ಕೆ ಅಂಟನ್ನೇ ತಾಗಿಸದಿರುವುದು ಸರ್ವೋತ್ತಮ. ಆಮ್ಲರಹಿತ ಕಾಗದವನ್ನು ಮಡಿಸಿ ನಾಲ್ಕು ಮೂಲೆಚೀಲಗಳನ್ನು ಮಾಡಿ, ಅವುಗಳನ್ನು ಮಾತ್ರ ಆಮ್ಲರಹಿತ ರಟ್ಟಿಗೆ ಪಿಷ್ಟದಿಂದ ಅಂಟಿಸಿ, ಒಣಗಿದ ಬಳಿಕ ಚಿತ್ರದ ತುದಿಗಳನ್ನು ಅವುಗಳೊಳಗೆ ಸೇರಿಸಬೇಕು. ಹೀಗೆ ಮಾಡಿದಲ್ಲಿ ಚಿತ್ರವೂ ನಿಲ್ಲುತ್ತದೆ. ಬೇಕಾದಾಗ ತೆಗೆದು ಅದರ ಹಿಂಬದಿಯನ್ನೂ ಓದಬಹುದು.