ತೊಂಬತ್ತೇಳರ ಗೆರೆ ಮತ್ತು ನಾಲ್ಕು ವರ್ಷದ ಮಗು

2013ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ದೊಡ್ಡ ಗೊಂದಲವಾಯಿತು. ಪ್ರತಿಭಾವಂತರ ವಿಶೇಷ ತರಗತಿಗೆ ಅರ್ಹರಲ್ಲವೆಂದು ಹೇಳಿಸಿಕೊಂಡಿದ್ದ ಸುಮಾರು 2,700 ಮಕ್ಕಳು ನಿಜಕ್ಕೂ ಅರ್ಹರೇ ಆಗಿದ್ದರು. ಪರೀಕ್ಷೆಯ ಹೊಣೆ ಹೊತ್ತಿದ್ದ ಪಿಯರ್ಸನ್ ಕಂಪನಿ ಅಂಕ ಲೆಕ್ಕ ಹಾಕುವಲ್ಲಿ ಎಡವಿತ್ತು. ಆದ ತಪ್ಪುಗಳಲ್ಲೊಂದು ಇದು: ಮಗುವಿನ ವಯಸ್ಸನ್ನು ವರ್ಷ, ತಿಂಗಳು, ದಿನದವರೆಗೆ ಹಿಡಿಯುವ ಬದಲು ತಿಂಗಳಿಗೇ ನಿಲ್ಲಿಸಿದ್ದರು.

ಕೆಲವು ದಿನಗಳಿಂದ ಅಷ್ಟು ವ್ಯತ್ಯಾಸವಾಗುತ್ತದೆಯೇ? ಆಗುತ್ತದೆ. ಮಗು ಎಷ್ಟು ಪ್ರಶ್ನೆಗೆ ಸರಿಯುತ್ತರ ಕೊಟ್ಟಿತು ಎಂಬುದನ್ನು ಅದರದೇ ವಯಸ್ಸಿನ ಗುಂಪಿನ ಜೊತೆ ಹೋಲಿಸಿದ ಮೇಲಷ್ಟೇ ಪರ್ಸೆಂಟೈಲ್ ಸಿಗುತ್ತದೆ. 97ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ 97 ಅಂಕ ಬಂತೆಂದಲ್ಲ, ಓರಗೆಯ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ 97 ಮಂದಿಗಿಂತ ಮುಂದಿದೆ ಎಂದು. ನಾಲ್ಕು ವರ್ಷದ ಮಗುವಿಗೆ ಮೂರು ತಿಂಗಳೆಂದರೆ ಈವರೆಗಿನ ಆಯುಸ್ಸಿನ ಹದಿನಾರನೇ ಒಂದು ಪಾಲು. ಹಾಗಾಗಿ ಕೆಲವೇ ದಿನಗಳ ತಪ್ಪೆಣಿಕೆಯಿಂದ ಮಗು ಪಕ್ಕದ ವಯೋಗುಂಪಿಗೆ ಸೇರಿಬಿಟ್ಟರೆ ಅಷ್ಟೇ ಸರಿಯುತ್ತರಗಳಿಗೆ ಬೇರೆಯದೇ ಸ್ಥಾನ ಬರುತ್ತದೆ. ಆಗ ಜಿಲ್ಲಾ ಮಟ್ಟದ ತರಗತಿಗೆ 90ನೇ ಪರ್ಸೆಂಟೈಲ್ ಬೇಕಿತ್ತು, ನಗರದ ಬೆರಳೆಣಿಕೆಯ ಪ್ರತಿಷ್ಠಿತ ಶಾಲೆಗಳಿಗೆ 97.

ವಯಸ್ಸಿನ ಲೆಕ್ಕ ಸರಿಯಿದ್ದರೂ ಅಂಕ ಅಲುಗಾಡದ ಕಲ್ಲಲ್ಲ. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 15 ಇರುವ ಪರೀಕ್ಷೆಯಲ್ಲಿ 97ನೇ ಪರ್ಸೆಂಟೈಲ್ ಸುಮಾರು 128ಕ್ಕೆ ಬರುತ್ತದೆ. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಮತ್ತೆ ಪರೀಕ್ಷಿಸಿದರೂ ಅಂಕ ಎಷ್ಟು ಸ್ಥಿರವಾಗಿರುತ್ತದೆ ಎಂಬ ಅಳತೆ, ಒಂದಕ್ಕೆ 0.90 ಎಂದಿಟ್ಟುಕೊಳ್ಳೋಣ, ಪುಟ್ಟ ಮಕ್ಕಳ ಮಟ್ಟಿಗೆ ಅದು ಒಳ್ಳೆಯದೇ. ಆದರೂ ಅಳತೆಯ ದೋಷ ಹತ್ತಿರ ಹತ್ತಿರ ಐದು ಅಂಕ. ಅಂದರೆ 128 ಪಡೆದ ಮಗುವಿನ ನಿಜವಾದ ಮಟ್ಟ 123ರಿಂದ 133ರೊಳಗೆ ಎಲ್ಲಾದರೂ ಇರಬಹುದು, ಅದೂ ಮೂರರಲ್ಲಿ ಎರಡು ಪಾಲು ಖಾತ್ರಿಯಿಂದ. ಕೆಳತುದಿ 94ನೇ ಪರ್ಸೆಂಟೈಲ್, ಮೇಲ್ತುದಿ 99ರ ಆಸುಪಾಸು. ಅಪರಿಚಿತರೆದುರು ಬಾಯಿಬಿಡದ ಮಗು, ನಿದ್ದೆಗೆಟ್ಟ ಮಗು, ಪ್ರಶ್ನೆ ಮುಗಿಯುವ ಮೊದಲೇ ಚಿತ್ರಕ್ಕೆ ಬೆರಳಿಡುವ ಮಗು: ಇವರೆಲ್ಲರ ಆ ದಿನದ ಪಾಡೂ ಅಂಕದೊಳಗೆ ಸೇರಿರುತ್ತದೆ. ಇಂಥ ಒಂದೇ ಅಂಕವನ್ನು ನಂಬಿ ಶಾಲೆಯ ಬಾಗಿಲು ಮುಚ್ಚುವುದು ಅನ್ಯಾಯ.

ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದನ್ನೂ ನೋಡಬೇಕು. ನ್ಯೂಯಾರ್ಕ್ ಕೆಲವು ವರ್ಷ ಬಳಸಿದ ಬ್ರಾಕೆನ್ ಪರೀಕ್ಷೆ ಬಣ್ಣ, ಅಕ್ಷರ, ಎಣಿಕೆ, ಗಾತ್ರ, ಆಕಾರಗಳನ್ನು ಕೇಳುತ್ತಿತ್ತು. ಇವು ಕಲಿಸಿದರೆ ಬರುವ ಸಂಗತಿಗಳು. ಇಂಥ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಕೊಟ್ಟಾಗ, ಮನೆಯಲ್ಲಿ ಸ್ಪ್ಯಾನಿಷನ್ನೋ ಕನ್ನಡವನ್ನೋ ಆಡುವ ಮಗುವಿಗೆ ಕಡಿಮೆ ಅಂಕ ಬಂದರೆ ಅದರ ಬುದ್ಧಿಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಅಯೋವಾ ವಿಶ್ವವಿದ್ಯಾಲಯದ ಡೇವಿಡ್ ಲೋಮನ್ ಮತ್ತು ಕ್ಯಾಟ್ರಿನಾ ಕಾರ್ಬ್ 2006ರಲ್ಲಿ ತೋರಿಸಿಕೊಟ್ಟದ್ದು ಇನ್ನೂ ಮುಖ್ಯವಾದದ್ದು. ಒಂದು ತರಗತಿಯಲ್ಲಿ ತುತ್ತತುದಿಯ ಕೆಲವೇ ಪರ್ಸೆಂಟೈಲ್‌ಗಳಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರು ಒಂದೆರಡು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿಯುವುದಿಲ್ಲ. ಅವರು ದಡ್ಡರಾದರೆಂದಲ್ಲ, ಬೇರೆ ಮಕ್ಕಳು ಬೆಳೆದಿರುತ್ತಾರೆ, ಮೊದಲ ಸಲದ ಅದೃಷ್ಟದ ಪಾಲೂ ಕಳಚಿರುತ್ತದೆ. ಆದ್ದರಿಂದ ತಡವಾಗಿ ಅರಳುವವರಿಗೆ ವರ್ಷವರ್ಷವೂ ದಾರಿ ತೆರೆದಿರಬೇಕು.

ಯಾರನ್ನು ಪರೀಕ್ಷಿಸಬೇಕು ಎಂಬುದರಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟಿ ಬೇರೆಯೇ ಹಾದಿ ಹಿಡಿಯಿತು. ಅಲ್ಲಿ ಮೊದಲು ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆಯಿತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ ಚಿತ್ರ ಪರೀಕ್ಷೆ ಕೊಟ್ಟರು. ಬಡ, ಕಪ್ಪುವರ್ಣೀಯ, ಹಿಸ್ಪಾನಿಕ್ ಮನೆಗಳಿಂದ ಆಯ್ಕೆಯಾದವರ ಸಂಖ್ಯೆ ಗಣನೀಯವಾಗಿ ಏರಿತು. ಅವರ ಹೆಸರನ್ನು ಅದುವರೆಗೆ ಯಾರೂ ಬರೆದುಕೊಟ್ಟಿರಲಿಲ್ಲ, ಅಷ್ಟೇ. ಹಣದ ಅಭಾವದಿಂದ ಆ ಪರೀಕ್ಷೆ ನಿಂತಾಗ ಹಳೆಯ ಅಂತರ ಮತ್ತೆ ತಲೆಯೆತ್ತಿತು.