ನಿಮಗಿದು ಗೊತ್ತೇ? ಕೂಸು ಹಚ್ಚಿಕೊಳ್ಳುವುದು ಯಾರನ್ನು?

● ರೇಷ್ಮೆ ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಪಾಲು ಖಾಲಿಯಾಗುವುದು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ. ರಾಮನಗರ ಬಳಿಯ ಕೈಲಾಂಚ ಸೀಮೆಯ ರೇಷ್ಮೆ ಮನೆಗಳಲ್ಲಿ ಆ ದಿನಗಳಲ್ಲಿ ತಾಯಿಗೆ ಬಿಡುವಿರದು. ಕೂಸು ಅಜ್ಜಿಯ ಕಂಕುಳಲ್ಲಿ. ಮಗುವಿಗೆ ಇದು ಕೊರತೆಯೇ? ಅಲ್ಲ.

● 1964ರಲ್ಲಿ ಮನೋವಿಜ್ಞಾನಿಗಳಾದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಗ್ಲಾಸ್ಗೋದ 60 ಕೂಸುಗಳ ಅಧ್ಯಯನ ಪ್ರಕಟಿಸಿದರು. ಉಣಿಸಿದ ಮಾತ್ರಕ್ಕೆ ಮಕ್ಕಳು ಯಾರನ್ನೂ ಹಚ್ಚಿಕೊಂಡಿರಲಿಲ್ಲ. ಅತ್ತಾಗ ಓಗೊಟ್ಟವರನ್ನು, ಆಡಿಸಿದವರನ್ನು ಹಚ್ಚಿಕೊಂಡಿದ್ದವು. ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಅಂಥವರು ಒಬ್ಬರಿಗಿಂತ ಹೆಚ್ಚಿದ್ದರು. ಅಜ್ಜಿ, ಅಪ್ಪ, ಸೋದರತ್ತೆ ಯಾರಾದರೂ ಆಗಬಹುದು.

● ಏಳೆಂಟು ತಿಂಗಳ ಮಗು ಹೊಸಬರು ಎತ್ತಿಕೊಂಡರೆ ಚೀರುವುದು ಹಟವಲ್ಲ, ದೃಷ್ಟಿಯೂ ಅಲ್ಲ. ತನ್ನವರು ಯಾರೆಂದು ಅದಕ್ಕೆ ಗೊತ್ತಾಗಿದೆ.

● ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1954ರಲ್ಲಿ ಉಗಾಂಡದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೂಸುಗಳನ್ನು ಗಮನಿಸಿದರು. ತಾಯಿಯ ಮೇಲೆ ಭರವಸೆಯಿದ್ದ ಮಗುವೇ ಧೈರ್ಯವಾಗಿ ಅಂಬೆಗಾಲಿಟ್ಟು ದೂರ ಹೋಗಿ ಆಡುತ್ತಿತ್ತು.

● ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಾದ ಮಗುವಿನ ಸಂಕಟವನ್ನು 1952ರಲ್ಲಿ ಚಲನಚಿತ್ರವಾಗಿ ತೋರಿಸಿದ್ದು ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ. ಮಕ್ಕಳ ವಾರ್ಡಿನಲ್ಲಿ ಹೆತ್ತವರ ಭೇಟಿಗೆ ಅಡ್ಡಿ ಇರಬಾರದೆಂದು ಬ್ರಿಟನ್ನಿನ ಪ್ಲಾಟ್ ವರದಿ 1959ರಲ್ಲಿ ಶಿಫಾರಸು ಮಾಡಿತು.

● 2000ದಲ್ಲಿ ರೊಮೇನಿಯಾದ ಬುಕಾರೆಸ್ಟ್‌ನ ಅನಾಥಾಲಯಗಳಲ್ಲಿದ್ದ 136 ಎಳೆಯರ ಅಧ್ಯಯನ ಶುರುವಾಯಿತು. ಅರ್ಧದಷ್ಟು ಮಕ್ಕಳು ಸಾಕು ಕುಟುಂಬ ಸೇರಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರ ನಂಟು ಹೆಚ್ಚು ಗಟ್ಟಿಯಾಗಿ ಬೆಳೆಯಿತು.

● ನಮ್ಮ ಬಾಲನ್ಯಾಯ ಕಾಯ್ದೆ (2015) ಹೇಳುವುದೂ ಇದನ್ನೇ: ಮೊದಲು ಕುಟುಂಬ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಾಲಮಂದಿರ. ಹೆತ್ತವರಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಅರ್ಹ ಮಕ್ಕಳಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವುಂಟು. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

● 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಈ ನಿಯಮ ಬಂದದ್ದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ. ಗಾರ್ಮೆಂಟ್ಸ್‌ಗೆ ಹೋಗುವ ಪ್ರತಿ ತಾಯಿಗೂ ಇದು ತಿಳಿದಿರಬೇಕು.

● ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆ ಬಂದದ್ದು 2023ರಲ್ಲಿ. ಅಲ್ಲಿ ಹಾಲು, ಆಟಿಕೆಗಳಷ್ಟೇ ಮುಖ್ಯವಾದದ್ದು ದಿನವೂ ಅದೇ ಆರೈಕೆದಾರರು ಇರುವುದು.

● ಸಂಕಷ್ಟದಲ್ಲಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನೆ ಭೇಟಿಗೆ ಹೋಗುವ ಸಮಾಜ ಕಾರ್ಯಕರ್ತರು ತಪ್ಪದೆ ಕೇಳಬೇಕಾದ ಪ್ರಶ್ನೆ: ‘ಬಿದ್ದು ಪೆಟ್ಟಾದಾಗ ಮಗು ಯಾರ ಹತ್ತಿರ ಓಡುತ್ತೆ?’ ಆ ಹೆಸರು ವರದಿಯಲ್ಲಿ ಇರಲೇಬೇಕು. ಮಗುವನ್ನು ಎಲ್ಲಿಗೇ ಕಳಿಸಿದರೂ ಆ ವ್ಯಕ್ತಿಯ ಒಡನಾಟ ಕಡಿಯದಂತೆ ನೋಡಿಕೊಳ್ಳಬೇಕು.